ಹಾಲ್ಗಡಲಿಗೆ ನೀಲಿ ಬಣ್ಣ ಯಾಕೆ?

ಹೋದ ಶನಿವಾರ ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಗಾಡಿ ಸದ್ದು ಕೇಳಿದರೆ ಸಾಕು, ಓಡಿಬಂದು ಬ್ಯಾಗು ಕಿತ್ತುಕೊಂಡು ಜಿಪ್ಪು ತೆಗೆಯುವ ಅಕ್ಕನ ಮಗಳು ಈ ಸಲ ಹೊರಗೇ ಬರಲಿಲ್ಲ. ಆರನೇ ಕ್ಲಾಸು. ಅವಳು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದಾಳೆ ಅಂದರೆ ಜ್ವರ ಬಂದಿದೆ ಅಂತಲೇ ಅರ್ಥ. "ಏನಾಯ್ತೇ ಪುಟ್ಟಿಗೆ?" ಅಂದೆ. ಅಕ್ಕ ಮಾತಾಡದೆ ಹುಳದ ಮನೆ ಕಡೆ ಕೈ ತೋರಿಸಿದಳು.

ಗೋಡೆಗೆ ಒರಗಿಸಿಟ್ಟ ಚಂದ್ರಿಕೆಗಳ ಹಿಂದೆ ಕೂತಿದ್ದಳು ಮಹರಾಯ್ತಿ. ಪಕ್ಕದಲ್ಲಿ ಸುತ್ತಿಟ್ಟ ಡ್ರಾಯಿಂಗ್ ಶೀಟು. ಬಿಡಿಸಿ ನೋಡಿದೆ. ಸಮುದ್ರ ಮಥನ. ಸ್ಕೂಲಿನಲ್ಲಿ ಚಿತ್ರಕಲೆ ಸ್ಪರ್ಧೆಗೆ ಕೊಟ್ಟ ವಿಷಯವಂತೆ. ಮಧ್ಯದಲ್ಲಿ ಮಂದರ ಪರ್ವತ (ಥೇಟ್ ನಂದಿಬೆಟ್ಟ, ಬಸ್ಸಿನ ಕಿಟಕಿಯಿಂದ ಕಾಣುವ ಹಾಗೇ), ಅದಕ್ಕೆ ಸುತ್ತಿದ ವಾಸುಕಿ, ಈ ಕಡೆ ದೇವತೆಗಳು, ಆ ಕಡೆ ರಾಕ್ಷಸರು. ರಾಕ್ಷಸರಲ್ಲಿ ಒಬ್ಬನಿಗೆ ನಮ್ಮ ಭಾವನ ಮೀಸೆ. ಅಲ್ಲಿವರೆಗೂ ಎಲ್ಲಾ ಚೆನ್ನಾಗಿದೆ. ಕೆಳಗಿನ ಅರ್ಧ ಹಾಳೆ ಮಾತ್ರ ಪೂರ್ತಿ ನೀಲಿ. ಅದೂ ಸಿಟ್ಟಿನಲ್ಲಿ ಬಳಿದ ನೀಲಿ. ಹಾಳೆ ನೆನೆದು ಸುಕ್ಕಾಗಿ, ವಾಸುಕಿಯ ಬಾಲ ಮುಳುಗಿ, ಬೆಟ್ಟ ಹೊತ್ತ ಆಮೆ ಎಲ್ಲಿದೆ ಅಂತ ಹುಡುಕಬೇಕಾಗಿತ್ತು.

ಸ್ವಲ್ಪ ಪುಸಲಾಯಿಸಿದ ಮೇಲೆ ಕಥೆ ಹೊರಗೆ ಬಂತು. ಅವಳು ಸಮುದ್ರವನ್ನು ಮೊದಲು ಬೆಳ್ಳಗೆ ಬರೆದಿದ್ದಳು. ಖಾಲಿ ಬಿಟ್ಟದ್ದಲ್ಲ; ತೆಳು ಬೂದಿ ಬಣ್ಣದಲ್ಲಿ ಸುರುಳಿ ಸುರುಳಿಯಾಗಿ ಅಲೆ ಹಾಕಿದ್ದಳು. ತೀರ್ಪು ಕೊಟ್ಟವರು ಹಾಳೆಯ ಹಿಂದೆ ಕೆಂಪು ಪೆನ್ನಿನಲ್ಲಿ ಬರೆದದ್ದು ಎರಡೇ ಮಾತು: ಸಮುದ್ರದ ಬಣ್ಣ ನೀಲಿ, ಚಿತ್ರ ಅಪೂರ್ಣ. ಮನೆಗೆ ಬಂದು ಇವಳು 'ಪೂರ್ಣ' ಮಾಡಿದ್ದಾಳೆ.

"ಹಾಲಿನ ಸಮುದ್ರ ಅಲ್ವಾ ಮಾಮ? ಹಾಲು ಬೆಳ್ಳಗೆ ತಾನೆ ಇರೋದು?"

ನನಗೆ ಉತ್ತರ ಹೊಳೆಯಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಾ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಬಹುಮಾನ ಬರಲಿಲ್ಲ ಅನ್ನುವುದು ನನ್ನ ತಕರಾರಲ್ಲ. ನಾನೂ ಸ್ಕೂಲಿನಲ್ಲಿ ಎಷ್ಟೋ ಸ್ಪರ್ಧೆಗಳಲ್ಲಿ ಸೋತು ಬರೀ ಸೋಪಿನ ಡಬ್ಬಿ ತಂದವನೇ. ನನ್ನ ತಕರಾರು ಬೇರೆ. ಪುರಾಣದ ಕಡಲಿಗೆ ನೀಲಿಯೇ ಆಗಬೇಕು ಅಂತ ಕಡ್ಡಾಯ ಮಾಡಿದವರು ಯಾರು? ನನ್ನ ಪ್ರಕಾರ ಆ ಹುಡುಗಿ ಸರಿ, ಕೆಂಪು ಪೆನ್ನು ತಪ್ಪು. ಬರೀ ಮಾವನ ಮಮಕಾರದಿಂದ ಹೇಳುತ್ತಿಲ್ಲ, ಕಾರಣ ಕೊಡುತ್ತೇನೆ.

ಮೊದಲು ಕಥೆಯನ್ನೇ ನೋಡಿ. ಮಹಾಭಾರತದ ಆದಿಪರ್ವದಲ್ಲಿ ಬರುವ ಮಥನದಲ್ಲಿ ಕಡಲು ಶುರುವಿಗೆ ಉಪ್ಪುನೀರೇ. ಮಂದರ ತಿರುಗುವ ರಭಸಕ್ಕೆ ಬೆಟ್ಟದ ಮೇಲಿನ ಮರಗಳು ಉರುಳಿ, ಗಿಡಮೂಲಿಕೆಗಳ ರಸ, ಮರದ ಅಂಟು ಎಲ್ಲ ನೀರಿಗೆ ಹರಿದು, ನೀರು ಹಾಲಾಗುತ್ತದೆ. ಹಾಲು ಕಡೆದಂತೆ ತುಪ್ಪವಾಗುತ್ತದೆ. ಆಮೇಲೆ ಒಂದೊಂದಾಗಿ ಚಂದ್ರ, ಲಕ್ಷ್ಮಿ, ಸುರೆ, ಬಿಳಿ ಕುದುರೆ ಉಚ್ಚೈಃಶ್ರವಸ್ಸು, ಕೌಸ್ತುಭ... ಅಂದರೆ ಕಡಲಿನ ಬಣ್ಣ ಬದಲಾಗುವುದೇ ಅಲ್ಲಿ ಕಥೆ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳಬೇಕಂದರೆ ಬಣ್ಣ ಇಲ್ಲಿ ಕಾನ್‌ಸ್ಟಂಟ್ ಅಲ್ಲ, ವೇರಿಯಬಲ್ :)

ಇನ್ನು ನೀಲಿ. ಇಡೀ ಕಥೆಯಲ್ಲಿ ನೀಲಿಗೆ ಬೆಲೆ ಇರುವುದು ಎರಡೇ ಕಡೆ. ಒಂದು ವಿಷ್ಣುವಿನ ಮೈಬಣ್ಣ. ಇನ್ನೊಂದು ಹಾಲಾಹಲ ಕುಡಿದ ಶಿವನ ಗಂಟಲು. ಬೆಳ್ಳಗಿನ ಕಡಲಿನಿಂದ ವಿಷ ಬಂತು, ಒಬ್ಬ ಅದನ್ನು ಕುಡಿದ, ಅವನ ಕತ್ತು ನೀಲಿಯಾಯಿತು, ನೀಲಕಂಠ ಅನ್ನುವ ಹೆಸರು ಬಂತು. ಈಗ ಕಡಲಿಗೇ ಮೊದಲು ನೀಲಿ ಬಳಿದುಬಿಟ್ಟರೆ? ವಿಷದ ಬಣ್ಣ ಎಲ್ಲಿಂದ ತರುತ್ತೀರಿ? ಅರ್ಧ ಹಾಳೆ ನೀಲಿ ಇರುವ ಚಿತ್ರದಲ್ಲಿ ಅಂಗೈ ಅಗಲದ ಒಂದು ನೀಲಿ ಕತ್ತು ಯಾರ ಕಣ್ಣಿಗೆ ಬೀಳುತ್ತದೆ? ಹಾಲಿನ ಮೇಲೆ ಮಲಗಿದ ನೀಲಿ ದೇವರು ಕಾಣುವುದು ಹಾಲು ಬೆಳ್ಳಗಿದ್ದಾಗ. ಪುರಾಣ ಕಟ್ಟಿದವರಿಗೆ ಬಣ್ಣದ ಲೆಕ್ಕ ಚೆನ್ನಾಗಿ ಗೊತ್ತಿತ್ತು, ನಾವು ಅದನ್ನು ಕೆಡಿಸುತ್ತಿದ್ದೇವೆ.

ಎರಡನೇ ಮಾತು ನಮ್ಮ ಸೀಮೆಯದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ... ಈ ಕಡೆ ಎಲ್ಲಿ ನಿಂತು ನೋಡಿದರೂ ಬಂಡೆ, ಬೆಟ್ಟ, ನೀಲಗಿರಿ ತೋಪು. ನಂದಿಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಹುಟ್ಟುತ್ತವೆ, ಆದರೆ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಇರುವುದು ಕೆರೆ. ಆ ಕೆರೆಗಳಿಗೆ ನಮ್ಮ ಹಿರಿಯರು ಇಟ್ಟ ಹೆಸರು ನೋಡಿ: ಸಾಗರ, ಸಮುದ್ರ! ಶಿಡ್ಲಘಟ್ಟ ತಾಲ್ಲೂಕಿನಲ್ಲೇ ರಾಮಸಮುದ್ರ ಅಂತ ಒಂದು ಕೆರೆ ಇದೆ. ಕಡಲು ಕಾಣದ ಜನ ಕಟ್ಟೆ ಕಟ್ಟಿ ಮಳೆನೀರು ನಿಲ್ಲಿಸಿ ಅದನ್ನೇ ಸಮುದ್ರ ಅಂದರು. ಜಂಭ ಅನ್ನಿ, ಆಸೆ ಅನ್ನಿ. (ಈಗ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಕಡೆಯ ಎಷ್ಟೋ ಕೆರೆಗಳಿಗೆ ಬಿಡುತ್ತಾರೆ. ನಾವು ಬೆಂಗಳೂರಿಗೆ ಹಾಲು ಕಳಿಸುತ್ತೇವೆ, ಅವರು ನಮಗೆ ಇದನ್ನು ಕಳಿಸುತ್ತಾರೆ. ನಾನು ಎರಡೂ ಕಡೆಯವನಾದ್ದರಿಂದ ಹೆಚ್ಚು ಮಾತಾಡುವ ಹಾಗಿಲ್ಲ.)

ಪುಟ್ಟಿ ಜೀವನದಲ್ಲಿ ನೋಡಿದ ಅತಿ ದೊಡ್ಡ ನೀರು ಅಂದರೆ 2021ರ ನವೆಂಬರ್ ಮಳೆಗೆ ಈ ಭಾಗದ ಕೆರೆಗಳು ಕೋಡಿ ಬಿದ್ದಾಗ ಕಂಡದ್ದು. ಆಗ ಅವಳು ಚಿಕ್ಕವಳು, ಭಾವನ ಹೆಗಲ ಮೇಲೆ ಕೂತು ನೋಡಿದ್ದು. ಆ ನೀರು ನೀಲಿ ಇರಲಿಲ್ಲ, ಕೆಮ್ಮಣ್ಣಿನ ಬಣ್ಣ. ಹಾಗಾದರೆ ಅವಳು ನೀಲಿ ಸಮುದ್ರ ಎಲ್ಲಿ ನೋಡಿದ್ದಾಳೆ? ಪಠ್ಯಪುಸ್ತಕದಲ್ಲಿ, ಟೀವಿಯಲ್ಲಿ, ಮೊಬೈಲಿನಲ್ಲಿ. ಬಿಳಿ ಹಾಲು ಮಾತ್ರ ದಿನಾ ಬೆಳಿಗ್ಗೆ ನೋಡುತ್ತಾಳೆ. ಡೈರಿಗೆ ಕ್ಯಾನು ಹೊತ್ತು ಹೋಗುವುದು ಅವಳದ್ದೇ ಡ್ಯೂಟಿ.

ಅದಕ್ಕೂ ಮಿಗಿಲಾಗಿ ಅವಳ ಅಜ್ಜಿ ಇನ್ನೂ ಕಡಗೋಲಿನಲ್ಲೇ ಮೊಸರು ಕಡೆಯುತ್ತಾರೆ. ಮಿಕ್ಸಿಯಲ್ಲಿ ಬೆಣ್ಣೆ ಬರಲ್ಲ ಅಂತ ಅವರ ವಾದ. ಭಾನುವಾರ ಬೆಳಿಗ್ಗೆ ನಾನು ಕಾಫಿ ಹಿಡಿದುಕೊಂಡು ಅದನ್ನೇ ನೋಡುತ್ತಾ ಕೂತಿದ್ದೆ. ಕಂಬಕ್ಕೆ ಕಟ್ಟಿದ ಕಡಗೋಲು, ಅದಕ್ಕೆ ಸುತ್ತಿದ ಹಗ್ಗ, ಹಗ್ಗದ ಈ ತುದಿ ಒಂದು ಕೈಯಲ್ಲಿ, ಆ ತುದಿ ಇನ್ನೊಂದು ಕೈಯಲ್ಲಿ. ಒಂದು ಸಲ ದೇವತೆಗಳು ಎಳೆದರು, ಒಂದು ಸಲ ರಾಕ್ಷಸರು ಎಳೆದರು. ಮಡಕೆಯೊಳಗೆ ಮೊಸರು ಸುಳಿ ಸುತ್ತಿ, ಅಂಚಿಗೆ ನೊರೆ ಏರಿ, ಇಳಿದು... ಸಮುದ್ರ ಮಥನ ಅನ್ನುವ ಕಥೆ ಹುಟ್ಟಿದ್ದು ಕಡಲ ದಂಡೆಯಲ್ಲಿ ಅಲ್ಲ, ಇಂಥದ್ದೇ ಒಂದು ಅಡುಗೆಮನೆಯ ಮೂಲೆಯಲ್ಲಿ ಅಂತ ಆ ಕ್ಷಣಕ್ಕೆ ನನಗೆ ಖಾತ್ರಿಯಾಯಿತು. ಕಡಲು, ಕಡೆಯುವುದು, ಕಡಗೋಲು; ಭಾಷಾಶಾಸ್ತ್ರದವರು ಒಪ್ಪುತ್ತಾರೋ ಇಲ್ಲವೋ, ನನ್ನ ಕಿವಿಗೆ ಮೂರೂ ಒಂದೇ ಮನೆಯ ಮಕ್ಕಳ ಹಾಗೆ ಕೇಳುತ್ತವೆ.

ಮತ್ತೆ ಆ ಸುರುಳಿ ಅಲೆಗಳು? ಅವಳ ಹಿಂದೆ ಗೋಡೆಗೆ ಒರಗಿದ್ದ ಚಂದ್ರಿಕೆ ನೋಡಿದಾಗ ಅರ್ಥವಾಯಿತು. ರೇಷ್ಮೆ ಸೀಮೆಯವರಲ್ಲದವರಿಗೆ ಹೇಳಬೇಕು: ಚಂದ್ರಿಕೆ ಅಂದರೆ ಹಣ್ಣಾದ ಹುಳು ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ತಟ್ಟೆ. ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ನಡುವಿನಿಂದ ಅಂಚಿನವರೆಗೂ ಸುತ್ತು ಸುತ್ತಾಗಿ ನಿಲ್ಲಿಸಿರುತ್ತಾರೆ. ಹುಳು ಗೂಡು ಕಟ್ಟಿ ಮುಗಿಸಿದಾಗ ಆ ಸುರುಳಿಯ ಸಂದಿನಲ್ಲೆಲ್ಲ ನೊರೆ ನಿಂತ ಹಾಗೆ ಗೂಡು. ಹುಟ್ಟಿದಾಗಿನಿಂದ ನೋಡಿದ ಸುರುಳಿ ಅದು. ಅಲೆ ಅಂದ ತಕ್ಷಣ ಕೈ ಅದನ್ನೇ ಬರೆದಿದೆ. ಇದು ಅಜ್ಞಾನ ಅಲ್ಲ ಸ್ವಾಮಿ, ಇದು ಕಲೆ.

ಚಿಕ್ಕಬಳ್ಳಾಪುರದ ಪಕ್ಕದ ರಂಗಸ್ಥಳಕ್ಕೆ ಹೋದವರಿಗೆ ಗೊತ್ತಿರುತ್ತದೆ. ಕಪ್ಪು ಕಲ್ಲಿನ ರಂಗನಾಥ ಶೇಷನ ಮೇಲೆ ಮಲಗಿದ್ದಾನೆ. ಮಲಗಿರುವುದು ಕ್ಷೀರಸಾಗರದಲ್ಲಿ. ಎಲ್ಲಿದೆ ಸಾಗರ? ಶಿಲ್ಪಿ ನೀರು ಕೆತ್ತುವ ಗೋಜಿಗೆ ಹೋಗಿಲ್ಲ, ಹಾವಿನ ಸುರುಳಿಯೇ ಅಲೆ. ನೋಡುವವರೂ "ನೀರೆಲ್ಲಿ?" ಅಂತ ಯಾವತ್ತೂ ಕೇಳಿಲ್ಲ. ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಸಾಲುಸಾಲಾಗಿ ನಿಲ್ಲಿಸಿದ ನಾಗರಕಲ್ಲುಗಳಿವೆ, ಜೋಡಿ ಹಾವು ಹೆಣೆದುಕೊಂಡು ನಿಂತವು. ಮಥನದ ಹಗ್ಗವೂ ಹಾವೇ, ಹಾಲ್ಗಡಲಿನ ಹಾಸಿಗೆಯೂ ಹಾವೇ. ಒಣ ಸೀಮೆಯಲ್ಲಿ ಕಡಲಿನ ಆಕಾರ ಬೇಕಾದರೆ ಕಲ್ಲುಕುಟಿಗ ಹಾವನ್ನು ನೋಡಿ ಕಲಿತ ಅಂತ ನನಗನ್ನಿಸುತ್ತದೆ.

"ಸರಿ ಮಾರಾಯ, ನಮ್ಮ ಪುರಾಣಕ್ಕೆ ಹಾಲಿನ ಸಮುದ್ರ ಇದೆ, ಬಿಳಿ ಅನ್ನು. ಬೇರೆಯವರಿಗೆ?" ಅಂತ ಆಫೀಸಿನಲ್ಲಿ ಸ್ನೇಹಿತನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಕಡಲಿನ ಕಥೆ ಅಂದರೆ ಗ್ರೀಕರದ್ದು ಅಲ್ಲವೇ? ಅವರು ಕಡಲಿನ ಮಧ್ಯೆಯೇ ಬದುಕಿದವರು. ಅವರ ಪುರಾಣದ ಕಡಲನ್ನು ಚಿತ್ರ ಬರೆದವರು ಏನು ಮಾಡಿದರು ಅಂತ ಒಂದು ರಾತ್ರಿ ಕೂತು ನೋಡಿದೆ. ನೋಡಿದಷ್ಟೂ ಪುಟ್ಟಿಯ ಕಡೆಗೇ ಸಾಕ್ಷಿ ಜಾಸ್ತಿಯಾಯಿತು.

ಹೋಮರ್ ಕವಿಯ ಕಡಲು ನೀಲಿ ಅಲ್ಲ. ಅವನು ಪದೇ ಪದೇ ಹೇಳುವುದು ದ್ರಾಕ್ಷಾರಸದಂಥ ಕಡಲು ಅಂತ. ಕೆಲವು ಕಡೆ ಬೂದು, ಕೆಲವು ಕಡೆ ನೇರಳೆ ಹೂವಿನಂಥದ್ದು. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಗ್ಲಾಡ್‌ಸ್ಟನ್ 1858ರಲ್ಲಿ ಹೋಮರ್ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದು, ಈ ಕವಿಯ ಬಣ್ಣಗಳು ನಮ್ಮ ಬಣ್ಣಗಳ ಥರ ಇಲ್ಲವಲ್ಲ ಅಂತ ತಲೆ ಕೆಡಿಸಿಕೊಂಡ. ಆಮೇಲೆ ಪಂಡಿತರು ಇದರ ಮೇಲೆ ನೂರೈವತ್ತು ವರ್ಷ ವಾದ ಮಾಡಿದ್ದಾರೆ. ನನಗೆ ಮಾತ್ರ ತಕ್ಷಣ ನೆನಪಾದದ್ದು ನಮ್ಮ ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟ. 'ಬೆಂಗಳೂರು ನೀಲಿ' ಅಂತ ಹೆಸರು, ಜಿಐ ಟ್ಯಾಗ್ ಬೇರೆ ಇದೆ, ಆದರೆ ಹಿಂಡಿದರೆ ಬರುವುದು ಕಡು ನೇರಳೆ ರಸ. ಹೆಸರಿನಲ್ಲಿ ನೀಲಿ, ರಸದಲ್ಲಿ ನೇರಳೆ! ಯಾರಾದರೂ ಚಿಕ್ಕಬಳ್ಳಾಪುರದ ಹುಡುಗ ಯುಲಿಸಿಸ್‌ನ ಹಡಗು ಬರೆಯಬೇಕಂತಿದ್ದರೆ ಬಣ್ಣದ ಅಂಗಡಿಗೆ ಹೋಗುವುದೇ ಬೇಡ.

ಇಂಗ್ಲೆಂಡಿನ ಟರ್ನರ್ 1829ರಲ್ಲಿ ಅದೇ ಯುಲಿಸಿಸ್ ಒಕ್ಕಣ್ಣಿನ ರಾಕ್ಷಸ ಪಾಲಿಫೀಮಸ್‌ನನ್ನು ಅಣಕಿಸಿಕೊಂಡು ತಪ್ಪಿಸಿಕೊಳ್ಳುವ ಚಿತ್ರ ಬರೆದ. ಆ ರಾಕ್ಷಸ ಕಡಲ ದೇವರು ಪೊಸೈಡನ್‌ನ ಮಗ; ಇಷ್ಟಕ್ಕೇ ಪೊಸೈಡನ್ ಸಿಟ್ಟಾಗಿ ಯುಲಿಸಿಸ್‌ನನ್ನು ವರ್ಷಗಟ್ಟಲೆ ಊರು ಸೇರಲು ಬಿಡಲಿಲ್ಲ. ಟರ್ನರ್‌ನ ಚಿತ್ರದಲ್ಲಿ ಸೂರ್ಯ ಹುಟ್ಟುತ್ತಿದ್ದಾನೆ, ಕಡಲು ಚಿನ್ನ ಕರಗಿಸಿ ಚೆಲ್ಲಿದ ಹಾಗಿದೆ. ಹಡಗಿನ ಮೂತಿಯ ಹತ್ತಿರ ನೀರಿನಲ್ಲಿ ಜಲಕನ್ಯೆಯರು, ಇರುವರೋ ಇಲ್ಲವೋ ಅನ್ನುವಷ್ಟು ತೆಳು. ಯಾರೂ ಅದನ್ನು ಅಪೂರ್ಣ ಅಂತ ವಾಪಸ್ ಕಳಿಸಲಿಲ್ಲ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ತೂಗುಹಾಕಿದ್ದಾರೆ.

ಅದಕ್ಕಿಂತ ಹಳೆಯದು ಬೊಟಿಚೆಲ್ಲಿ ಬರೆದ ವೀನಸ್ ಹುಟ್ಟಿದ ಚಿತ್ರ, ಸುಮಾರು 1485ರದ್ದು. ಈ ವೀನಸ್, ಅಂದರೆ ಗ್ರೀಕರ ಅಫ್ರೊಡೈಟಿ, ಹುಟ್ಟಿದ್ದು ಕಡಲಿನ ನೊರೆಯಿಂದ. ನಮ್ಮ ಲಕ್ಷ್ಮಿಯ ಅಕ್ಕನೋ ತಂಗಿಯೋ ಇರಬೇಕು. ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಕಡಲು ತೆಳು ಹಸಿರು. ಅಲೆಗಳು? ಮಕ್ಕಳು ಆಕಾಶದಲ್ಲಿ ಹಕ್ಕಿ ಅಂತ ಎರಡು ಗೀಟು ಎಳೆಯುತ್ತಾರಲ್ಲ, ಅಂಥ ಗೀಟುಗಳು, ಅಷ್ಟೇ. ಬೊಟಿಚೆಲ್ಲಿ ಇದ್ದದ್ದು ಫ್ಲಾರೆನ್ಸಿನಲ್ಲಿ, ಅದು ಕಡಲಿಲ್ಲದ ಊರು. ಜಗತ್ತಿನ ಅತಿ ಪ್ರಸಿದ್ಧ ಕಡಲಿನ ಚಿತ್ರಗಳಲ್ಲಿ ಒಂದನ್ನು ಬರೆದವನು ಹಕ್ಕಿಗೀಟು ಹಾಕಿದರೆ ಕಲೆ, ಶಿಡ್ಲಘಟ್ಟದ ಹುಡುಗಿ ಚಂದ್ರಿಕೆ ಸುರುಳಿ ಹಾಕಿದರೆ ಅಪೂರ್ಣ. ಇದು ಯಾವ ನ್ಯಾಯ ನೀವೇ ಹೇಳಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ವಾಲ್ಟರ್ ಕ್ರೇನ್ 1892ರಲ್ಲಿ ಬರೆದ ನೆಪ್ಚೂನನ ಕುದುರೆಗಳು. ನೆಪ್ಚೂನ್ ಅಂದರೆ ರೋಮನ್ನರ ಪೊಸೈಡನ್. ಪೊಸೈಡನ್ ಕಡಲಿಗೂ ದೇವರು, ಕುದುರೆಗೂ ದೇವರು. ಆ ಚಿತ್ರದಲ್ಲಿ ದೊಡ್ಡದೊಂದು ಅಲೆ ಮುರಿದು ಬೀಳುತ್ತಿದೆ, ಬೀಳುವ ಅಲೆಯ ನೊರೆಯೇ ಬಿಳಿ ಕುದುರೆಗಳ ಸಾಲಾಗಿ ನುಗ್ಗುತ್ತಿದೆ. ಎಲ್ಲಿ ನೀರು ಮುಗಿದು ಎಲ್ಲಿ ಕುದುರೆ ಶುರು ಅಂತ ಬೆರಳಿಟ್ಟು ತೋರಿಸುವುದಕ್ಕಾಗಲ್ಲ. ನೋಡುತ್ತಿದ್ದ ಹಾಗೇ ಉಚ್ಚೈಃಶ್ರವಸ್ಸು ನೆನಪಾಯಿತು. ನಮ್ಮಲ್ಲೂ ಕಡಲಿನಿಂದ ಬಂದದ್ದು ಬಿಳಿ ಕುದುರೆ. ಅದರ ಬಾಲ ಕಪ್ಪೋ ಬಿಳಿಯೋ ಅಂತ ಕದ್ರು-ವಿನತೆಯರು ಪಣ ಕಟ್ಟಿ, ಕದ್ರುವಿನ ಹಾವುಮಕ್ಕಳು ಹೋಗಿ ಬಾಲಕ್ಕೆ ಜೋತುಬಿದ್ದು ಕಪ್ಪು ಮಾಡಿ, ವಿನತೆ ದಾಸಿಯಾದಳು. ಬಿಳಿ ನೊರೆ, ಅದರ ಮೇಲೆ ಜೋತುಬಿದ್ದ ಕಪ್ಪು ಹಾವುಗಳು! ಕ್ರೇನ್ ಬರೆದಂಥ ಚಿತ್ರವನ್ನು ನಮ್ಮವರು ಯಾರಾದರೂ ಈ ಕಥೆಗೆ ಬರೆಯಬೇಕು, ಬರೆದರೆ ಕಾಸು ಕೊಟ್ಟು ಕೊಂಡು ಗೋಡೆಗೆ ಹಾಕಿಕೊಳ್ಳುತ್ತೇನೆ.

ಈಗ ನಮ್ಮವರೇ ಆದ ರಾಜಾ ರವಿವರ್ಮನ ಹತ್ತಿರ ಬರೋಣ. ನಮ್ಮ ಹೈಸ್ಕೂಲು ಟ್ರಿಪ್ಪಿನಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೋಡಿದ್ದ ಚಿತ್ರ, ಆಗ ಸುಮ್ಮನೆ ದಾಟಿಕೊಂಡು ಹೋಗಿದ್ದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿಗಾಗಿ ರವಿವರ್ಮ ಬರೆದ ಕೊನೆಕೊನೆಯ ಚಿತ್ರಗಳಲ್ಲಿ ಒಂದು, 1906ರದ್ದು: ರಾಮ ಸಮುದ್ರರಾಜನ ಗರ್ವ ಮುರಿಯುವುದು. ರಾಮ ಬಂಡೆಯ ಮೇಲೆ ಬಿಲ್ಲು ಹಿಡಿದು ನಿಂತಿದ್ದಾನೆ. ಕತ್ತಲು ಕವಿದ ಆಕಾಶ, ಉಕ್ಕುವ ಅಲೆ, ಅಲೆಯ ಮೇಲೆ ವರುಣ ಹೆಂಡಿರನ್ನು ಕರೆದುಕೊಂಡು ಶರಣಾಗಲು ಬಂದಿದ್ದಾನೆ. ನನ್ನ ಅಭಿಪ್ರಾಯ ಕೇಳಿದರೆ, ಅಲೆಯನ್ನು ನಂಬಬಹುದು, ವರುಣನನ್ನು ನಂಬುವುದು ಕಷ್ಟ. ಅವನು ನೀರಿನಿಂದ ಎದ್ದು ಬಂದವನಲ್ಲ, ನಾಟಕ ಕಂಪನಿಯಿಂದ ಬಂದವನು. ಮೈಮೇಲೆ ಒಂದು ಹನಿ ನೀರಿನ ಗುರುತಿಲ್ಲ. ರವಿವರ್ಮ ಕಡಲನ್ನು ಕಣ್ಣಾರೆ ಕಂಡು ಬರೆದ, ಆ ಕಡಲಿನ ಮೇಲೆ ಕಥೆಯನ್ನು ತಂದು ಅಂಟಿಸಿದ. ಕ್ರೇನ್‌ನ ಹಾಗೆ ಅಲೆಯೇ ವರುಣ ಆಗಬೇಕಿತ್ತು.

ಆದರೂ ಆ ಕಥೆ ನಮ್ಮ ಸೀಮೆಯವನಿಗೆ ಬೇರೆ ಥರ ಚುಚ್ಚುತ್ತದೆ. ದಾರಿ ಬಿಡದಿದ್ದರೆ ಕಡಲನ್ನೇ ಬತ್ತಿಸಿಬಿಡುತ್ತೇನೆ ಅಂತ ರಾಮ ಬಾಣ ಹೂಡುತ್ತಾನೆ. ಕಡಲು ಶರಣಾದ ಮೇಲೆ ಹೂಡಿದ ಬಾಣ ಎಲ್ಲಾದರೂ ಬಿಡಲೇಬೇಕಲ್ಲ, ವಾಲ್ಮೀಕಿಯಲ್ಲಿ ಅದು ಹೋಗಿ ದ್ರುಮಕುಲ್ಯ ಅನ್ನುವ ಜಾಗಕ್ಕೆ ಬೀಳುತ್ತದೆ, ಅಲ್ಲಿನ ನೀರು ಬತ್ತಿ ಮರುಭೂಮಿಯಾಗುತ್ತದೆ. ನಾವು ಬ್ರಹ್ಮಾಸ್ತ್ರ ಇಲ್ಲದೆ, ಸಾವಿರದೈನೂರು ಅಡಿ ಬೋರ್‌ವೆಲ್ ಕೊರೆದೇ ಆ ಕೆಲಸ ಮುಗಿಸಿದ್ದೇವೆ. ರಾಮಸಮುದ್ರದ ಏರಿ ಮೇಲೆ ನಿಂತಾಗ ಈ ಚಿತ್ರ ನೆನಪಾದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ರವಿವರ್ಮನದ್ದೇ ಇನ್ನೊಂದು ಚಿತ್ರ ಅಜ್ಜಿಯ ದೇವರಮನೆಯಲ್ಲಿದೆ. ನಿಮ್ಮ ಮನೆಯಲ್ಲೂ ಇರಬಹುದು. ತಾವರೆಯ ಮೇಲೆ ನಿಂತ ಲಕ್ಷ್ಮಿ, ಪಕ್ಕದಲ್ಲಿ ಹಾರ ಹಿಡಿದ ಆನೆ. ಅವನು 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಶುರು ಮಾಡಿದ ಮೇಲೆ ಈ ಲಕ್ಷ್ಮಿ ದೇಶದ ಮನೆಮನೆಗೂ ಬಂದಳು. ಹಾಲ್ಗಡಲಿನಲ್ಲಿ ಹುಟ್ಟಿದವಳು ಅಲ್ಲಿ ನಿಂತಿರುವುದೆಲ್ಲಿ ಗಮನಿಸಿದ್ದೀರಾ? ಕೊಳದಲ್ಲಿ! ಹಂಸ ಈಜುವಷ್ಟು ನೀರು. ಅದಕ್ಕೆ ನೂರು ವರ್ಷದಿಂದ ಊದುಬತ್ತಿ ಹಚ್ಚುತ್ತಿದ್ದೇವೆ, ಕಡಲೆಲ್ಲಿ ಅಂತ ಒಬ್ಬರೂ ಕೇಳಿಲ್ಲ. ಕೆರೆಗೆ ಸಮುದ್ರ ಅಂತ ಹೆಸರಿಟ್ಟ ಜನಕ್ಕೆ ಅದು ತಪ್ಪು ಅನ್ನಿಸುವುದಾದರೂ ಹೇಗೆ?

ಗೌರಿಬಿದನೂರಿನಿಂದ ಹಿಂದೂಪುರ ದಾಟಿದರೆ ಲೇಪಾಕ್ಷಿ. ಈಗ ಆಂಧ್ರ, ಆದರೆ ನಮಗೆ ಪಕ್ಕದ ಊರೇ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 1530ರ ದಶಕದ ಆಸುಪಾಸಿನಲ್ಲಿ, ವಿರೂಪಣ್ಣ-ವೀರಣ್ಣ ಸಹೋದರರು ಕಟ್ಟಿಸಿದ ವೀರಭದ್ರ ದೇವಸ್ಥಾನದ ಚಾವಣಿ ಪೂರ್ತಿ ಚಿತ್ರ. ಅದರಲ್ಲಿ ವಟಪತ್ರಶಾಯಿಯೂ ಇದ್ದಾನೆ. ಪ್ರಳಯದಲ್ಲಿ ಎಲ್ಲ ಮುಳುಗಿ ನೀರು ಬಿಟ್ಟರೆ ಬೇರೇನೂ ಇಲ್ಲದಾಗ ಆಲದ ಎಲೆಯ ಮೇಲೆ ಮಲಗಿ ಕಾಲ್ಬೆರಳು ಚೀಪುವ ಮಗು. ಎಲ್ಲಿಂದ ನೋಡಿದರೂ ಆ ಮಗು ನಮ್ಮನ್ನೇ ನೋಡುತ್ತದೆ ಅಂತ ಗೈಡುಗಳು ಹೇಳಿ ಐದು ನಿಮಿಷ ಕತ್ತು ನೋಯಿಸುತ್ತಾರೆ. ಲೇಪಾಕ್ಷಿಯ ಚಾವಣಿಯಲ್ಲಿ ಮೇಲುಗೈ ಕಾವಿಗೆ, ಹಳದಿಗೆ, ಬಿಳಿ-ಕಪ್ಪಿಗೆ. ನಮ್ಮ ಮಣ್ಣು-ಕಲ್ಲಿನ ಬಣ್ಣಗಳಿಗೆ. ಜಗತ್ತೇ ಮುಳುಗಿದ ನೀರನ್ನು ನೆನಪಿಸಲು ಒಂದು ಎಲೆ ಸಾಕಾಯಿತು ಆ ಚಿತ್ರಗಾರನಿಗೆ.

ನೀಲಿ ಬಣ್ಣ ಹಿಂದೆ ಸುಲಭವೂ ಇರಲಿಲ್ಲ ಬಿಡಿ. ಯುರೋಪಿನವರು ಅಫ್ಘಾನಿಸ್ತಾನದ ಗಣಿಯಿಂದ ಬಂದ ಕಲ್ಲನ್ನು ಅರೆದು ನೀಲಿ ಮಾಡುತ್ತಿದ್ದರು, ಬೆಲೆಯಲ್ಲಿ ಚಿನ್ನಕ್ಕೆ ಸಾಟಿ. ಹದಿನೆಂಟನೇ ಶತಮಾನದ ಶುರುವಿನಲ್ಲಿ ಬರ್ಲಿನ್ನಿನಲ್ಲಿ ರಾಸಾಯನಿಕದಿಂದ ಪ್ರಷ್ಯನ್ ಬ್ಲೂ ಮಾಡುವುದು ಗೊತ್ತಾದ ಮೇಲೆ ನೀಲಿ ಅಗ್ಗವಾಯಿತು. ಇವತ್ತು ಹತ್ತು ರೂಪಾಯಿ ಬಾಟಲಿಯಲ್ಲಿ ಸಿಗುವುದರಿಂದಲೇ ನಮಗೆ ಕಡಲು ಅಂದರೆ ಆ ಬಾಟಲಿ ಅನ್ನಿಸಿಬಿಟ್ಟಿದೆ.

ಇರಲಿ, ಎದುರಿನವರ ವಾದವನ್ನೂ ಕೇಳಬೇಕು. "ಮಕ್ಕಳು ಮೊದಲು ಇದ್ದದ್ದನ್ನು ಇದ್ದ ಹಾಗೆ ನೋಡಿ ಬರೆಯುವುದು ಕಲಿಯಲಿ" ಅನ್ನುವವರಿದ್ದಾರೆ. ಒಪ್ಪುತ್ತೇನೆ. ವಿಷಯ 'ಸಮುದ್ರ ತೀರ' ಅಂತ ಇದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ನೀಲಿಗೆ ವಿಜ್ಞಾನದ ಕಾರಣವೂ ಇದೆ. ಸಿ.ವಿ. ರಾಮನ್ 1921ರಲ್ಲಿ ಹಡಗಿನಲ್ಲಿ ಹೋಗಿಬರುವಾಗ ಮೆಡಿಟರೇನಿಯನ್ ಕಡಲಿನ ನೀಲಿ ನೋಡಿ, ಇದು ಬರೀ ಆಕಾಶದ ಪ್ರತಿಬಿಂಬ ಅನ್ನುವ ಮಾತು ಸಾಲದು ಅಂತ ಹಡಗಿನಲ್ಲೇ ನಿಕಲ್ ಪ್ರಿಸಂ ಹಿಡಿದು ಪರೀಕ್ಷೆ ಮಾಡಿದರು, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಅಂತ ತೋರಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ದೊಡ್ಡ ಕಾರಣ ಅಂತ ಈಗ ಗೊತ್ತಿದೆ. ತಮಾಷೆ ಏನಂದರೆ ರಾಮನ್ ನೀಲಿ ಕಂಡ ಮೆಡಿಟರೇನಿಯನ್ನಿನಲ್ಲೇ ಹೋಮರ್ ದ್ರಾಕ್ಷಾರಸ ಕಂಡದ್ದು. ಒಬ್ಬರು ಸರಿ ಇನ್ನೊಬ್ಬರು ತಪ್ಪು ಅಂತ ಅಲ್ಲ. ಒಬ್ಬರು ಬೆಳಕು ನೋಡುತ್ತಿದ್ದರು, ಇನ್ನೊಬ್ಬನು ಕಥೆ ಹೇಳುತ್ತಿದ್ದ. ಹಾಲು ಬೆಳ್ಳಗೆ ಕಾಣುವುದೂ ಅದರೊಳಗಿನ ಕೊಬ್ಬು, ಪ್ರೋಟೀನಿನ ಸಣ್ಣ ಕಣಗಳು ಎಲ್ಲ ಬಣ್ಣದ ಬೆಳಕನ್ನೂ ಚದುರಿಸುವುದರಿಂದಲೇ. ಹಾಲಿನ ಸಮುದ್ರ ಒಂದು ಇದ್ದಿದ್ದರೆ ವಿಜ್ಞಾನದ ಪ್ರಕಾರವೂ ಅದು ಬಿಳಿಯೇ ಸ್ವಾಮಿ!

ಮತ್ತೆ ಆ 'ಇದ್ದ ಹಾಗೆ' ಅನ್ನುವುದರ ಬಗ್ಗೆಯೂ ಒಂದು ಮಾತು. ನಾನು ಮೊದಲ ಸಲ ಸಮುದ್ರ ನೋಡಿದ್ದು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ, ಗೋಕರ್ಣದಲ್ಲಿ, ಆಗಸ್ಟ್ ತಿಂಗಳು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹೋದರೆ, ಕಣ್ಣೆದುರಿಗಿದ್ದದ್ದು ಬೂದಿ ಕದಡಿದ ಹಾಗಿದ್ದ ನೀರು. "ಇದೇನೋ ಗುರು, ನಮ್ಮೂರ ಕೆರೆ ಥರಾನೇ ಇದೆ" ಅಂದಿದ್ದೆ. ಎಲ್ಲರೂ ನಕ್ಕಿದ್ದರು.

ಇನ್ನೊಂದು ಪ್ರಯೋಗ ಮಾಡಿದೆ. ಬರೆದದ್ದನ್ನು ಓದಿ ಚಿತ್ರ ಮಾಡಿಕೊಡುವ ಎಐ ತಂತ್ರಾಂಶವೊಂದಕ್ಕೆ ಸಮುದ್ರ ಮಥನ ಬರೆ ಅಂದೆ. ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಹಾಲಿವುಡ್ ಸಿನಿಮಾದ ನೀಲಿ ಕಡಲು, ಮಿಂಚು, ಸಿಕ್ಸ್ ಪ್ಯಾಕ್ ದೇವತೆಗಳು. ಹಾಲಿನ ಸಮುದ್ರ, ಬೆಳ್ಳಗಿರಬೇಕು ಅಂತ ಬಿಡಿಸಿ ಹೇಳಿದ ಮೇಲೆ ಅದೇ ನೀಲಿ ಕಡಲಿನ ಮೇಲೆ ಸ್ವಲ್ಪ ಜಾಸ್ತಿ ನೊರೆ ಹಾಕಿ ಕೊಟ್ಟಿತು. ಲಕ್ಷಾಂತರ ಚಿತ್ರ ನೋಡಿ ಕಲಿತ ಯಂತ್ರ ಅದು, ಹೆಚ್ಚು ಜನ ಮಾಡಿದ್ದನ್ನೇ ಮಾಡುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಹೊಟ್ಟೆಪಾಡೂ ಅಂಥ ಯಂತ್ರಗಳ ಜೊತೆಯೇ. ಆದರೆ ಹನ್ನೊಂದು ವರ್ಷದ ಹುಡುಗಿಗೆ ಅವಳ ಕಣ್ಣಿಗೆ ಕಂಡ ಕಡಲು ಒಂದು ಇತ್ತು. ಅದನ್ನು ಅಳಿಸಿ ಯಂತ್ರ ಬರೆಯುವ ಚಿತ್ರವನ್ನೇ ಅವಳ ಕೈಯಲ್ಲಿ ಬರೆಸಿದರೆ ಆ ಕ್ಲಾಸು ಯಾತಕ್ಕೆ?

ಭಾನುವಾರ ಬೆಳಿಗ್ಗೆ ಪುಟ್ಟಿಗೆ ಹೊಸ ಶೀಟು ತಂದುಕೊಟ್ಟೆ. ಮುಖ ಇನ್ನೂ ಊದಿಕೊಂಡೇ ಇತ್ತು, ಮುಟ್ಟಲಿಲ್ಲ. ಆಗ ಪುರಾಣದಲ್ಲಿ ಏಳು ಸಮುದ್ರ ಇದೆ ಕಣೆ ಅಂದೆ. ಉಪ್ಪುನೀರಿನದು, ಕಬ್ಬಿನಹಾಲಿನದು, ಹೆಂಡದ್ದು, ತುಪ್ಪದ್ದು, ಮೊಸರಿನದು, ಹಾಲಿನದು, ಸಿಹಿನೀರಿನದು. ಕಣ್ಣು ಅರಳಿತು. ಶೀಟನ್ನು ಎಳೆದುಕೊಂಡು ಏಳು ಮನೆ ಗೀಚಿದಳು. ಕಬ್ಬಿನಹಾಲಿಗೆ ಹಸಿರು-ಹಳದಿ ಕಲಸಿದಳು, ತುಪ್ಪಕ್ಕೆ ಹಳದಿ, ಸಿಹಿನೀರಿಗೆ ಕೇಳದೇ ಕೆಮ್ಮಣ್ಣು. ಮೂರನೇ ಮನೆ ಹತ್ತಿರ ಬಂದು ಕುಂಚ ನಿಂತಿತು.

"ಹೆಂಡದ ಸಮುದ್ರ ಯಾವ ಬಣ್ಣ ಮಾಮ?"

ನಾನು ಹೋಮರ್, ದ್ರಾಕ್ಷಿ, ನೇರಳೆ ಅಂತ ಶುರು ಮಾಡಬೇಕು, ಅಷ್ಟರಲ್ಲಿ ಅಜ್ಜಿ ಕಡಗೋಲು ನಿಲ್ಲಿಸದೇ ಹೇಳಿದರು: "ಈಚಲು ಹೆಂಡ ಬೆಳ್ಳಗೆ ಇರ್ತಿತ್ತು ಕಣಮ್ಮ, ಮಜ್ಜಿಗೆ ಥರ."

"ಅತ್ತೇ! ನಿಮಗೆ ಹೆಂಗ್ ಗೊತ್ತು?" ಅಂತ ಅಕ್ಕ ಒಳಗಿನಿಂದ ಕೂಗಿದಳು.

ಅಜ್ಜಿ ಉತ್ತರ ಕೊಡಲಿಲ್ಲ. ಪುಟ್ಟಿ ಆ ಮನೆಯನ್ನು ಬೆಳ್ಳಗೇ ಬಿಟ್ಟು ಮುಂದಕ್ಕೆ ಹೋದಳು.